ಶೇರ್ ಫೋಲ್ಡರ್ ಮೂರು ಕಂಪ್ಯೂಟರಿಗೆ ಸಿಗುತ್ತಿದೆ, ಎರಡಕ್ಕೆ ಸಿಗುತ್ತಿಲ್ಲ

ಪ್ರಶ್ನೆ: ಲೆಕ್ಕಪತ್ರದ ಆಫೀಸು, ಆರು ಕಂಪ್ಯೂಟರ್. ವಿಂಡೋಸ್ 10 ಇರುವ ಮೇನ್ ಕಂಪ್ಯೂಟರಿನಲ್ಲಿ ಟ್ಯಾಲಿ ಡೇಟಾ ಫೋಲ್ಡರ್ ಇದೆ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್, ಎವ್ರಿಒನ್‌ಗೆ ಫುಲ್ ಕಂಟ್ರೋಲ್. ಎರಡು ಕಂಪ್ಯೂಟರ್ ವಿಂಡೋಸ್ 11 ಪ್ರೊ 24ಎಚ್2 ಆದ ಮೇಲೆ ಅವುಗಳಲ್ಲಿ ಮಾತ್ರ ಫೋಲ್ಡರ್ ತೆರೆಯುತ್ತಿಲ್ಲ. ಪಿಂಗ್ ಹೋಗುತ್ತದೆ. ಗೆಸ್ಟ್ ಪ್ರವೇಶಕ್ಕೆ ಭದ್ರತಾ ನೀತಿ ತಡೆ ಒಡ್ಡಿದೆ ಎಂಬ ಸಂದೇಶ ಬರುತ್ತದೆ. ಎಸ್‌ಎಂಬಿ1 ಆನ್ ಮಾಡಲೇ?

ಉತ್ತರ: ಬೇಡ, ಖಂಡಿತ ಬೇಡ. ಅದು ಫೈಲ್ ಹಂಚಿಕೆಯ ಹಳೆಯ, ಅಪಾಯಕಾರಿ ಪ್ರೋಟೋಕಾಲ್. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವೇ ಇಲ್ಲ. ಪಾಸ್‌ವರ್ಡ್ ಇಲ್ಲದ ಶೇರ್‌ಗೆ ಗೆಸ್ಟ್ ಆಗಿ ಹೋಗುವುದನ್ನು ಪ್ರೊ ಆವೃತ್ತಿ 24ಎಚ್2 ಇಂದ ತಾನೇ ನಿಲ್ಲಿಸಿದೆ. ಜೊತೆಗೆ ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಹಾಕುವುದು) ಕಡ್ಡಾಯವಾಗಿದೆ. ಗೆಸ್ಟ್ ಸಂಪರ್ಕದಲ್ಲಿ ಸೈನಿಂಗ್ ಆಗುವುದಿಲ್ಲ. ತಡೆ ಇರುವುದು ಈ ಎರಡು ಯಂತ್ರಗಳಲ್ಲೇ, ಆದ್ದರಿಂದ ಮೇನ್ ಕಂಪ್ಯೂಟರಿನ ಫೈರ್‌ವಾಲ್ ಮುಟ್ಟಬೇಡಿ.

ಮೇನ್ ಕಂಪ್ಯೂಟರಿನಲ್ಲಿ ಪ್ರತಿ ಸಿಬ್ಬಂದಿಗೂ ಪಾಸ್‌ವರ್ಡ್ ಇರುವ ಲೋಕಲ್ ಅಕೌಂಟ್ ಮಾಡಿ. ಖಾಲಿ ಪಾಸ್‌ವರ್ಡ್ ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ, ಪಿನ್ ಕೂಡ ನಡೆಯುವುದಿಲ್ಲ. ಫೋಲ್ಡರ್ ಪ್ರಾಪರ್ಟೀಸ್‌ನ ಶೇರಿಂಗ್ ಪರ್ಮಿಷನ್‌ನಲ್ಲಿ ಅವರಿಗೆ ಚೇಂಜ್ ಕೊಡಿ, ಸೆಕ್ಯುರಿಟಿ ಟ್ಯಾಬ್‌ನಲ್ಲಿ ಮಾಡಿಫೈ ಕೊಡಿ. ಒಂದನ್ನೇ ಕೊಟ್ಟರೆ ಸಾಲದು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಆಮೇಲೆ ಉಳಿದ ಕಂಪ್ಯೂಟರುಗಳ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಜಾಗ) ವಿಂಡೋಸ್ ಕ್ರೆಡೆನ್ಷಿಯಲ್ ಸೇರಿಸಿ. ಯೂಸರ್ ಹೆಸರಿಗಿಂತ ಮೊದಲು ಮೇನ್ ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್ ಇರಲಿ. 1219 ಎರರ್ ಬಂದರೆ ಹಳೆಯ ಸೆಷನ್ ಇನ್ನೂ ತೆರೆದಿದೆ ಎಂದರ್ಥ. ಸೈನ್ ಔಟ್ ಮಾಡಿ ಬನ್ನಿ. ಉಳಿದ ಐದೂ ಕಂಪ್ಯೂಟರ್ ಹೀಗೆ ತೆರೆದ ಮೇಲಷ್ಟೇ ಎವ್ರಿಒನ್ ತೆಗೆದು ಪಾಸ್‌ವರ್ಡ್ ಪ್ರೊಟೆಕ್ಷನ್ ಆನ್ ಮಾಡಿ. ಮೊದಲೇ ತೆಗೆದರೆ ಈಗ ನಡೆಯುತ್ತಿರುವ ಮೂರೂ ನಿಲ್ಲುತ್ತವೆ.

ಪ್ರಶ್ನೆ: ಟ್ಯಾಲಿ ಫೋಲ್ಡರ್ ಬಂತು. ಆದರೆ ಆ ಎರಡು ಯಂತ್ರಗಳ ನಡುವೆ ಸ್ಕ್ಯಾನ್ ಫೋಲ್ಡರ್ ತೆರೆಯುತ್ತಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಅನ್ನುತ್ತದೆ. ಎರಡನ್ನೂ ಒಂದೇ ಡಿಸ್ಕ್‌ನಿಂದ ಕ್ಲೋನ್ ಮಾಡಿಸಿದ್ದು.

ಉತ್ತರ: ಕಾರಣ ಆ ಕ್ಲೋನೇ ಇರಬೇಕು. ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ‘whoami /user’ ಕೊಟ್ಟು ನೋಡಿ. ಎಸ್-1-5-21 ಎಂದು ಶುರುವಾಗುವ ಸಂಖ್ಯೆಯಲ್ಲಿ ಕೊನೆಯ ತುಂಡು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿದ್ದರೆ ಎಸ್‌ಐಡಿ (ವಿಂಡೋಸ್ ಪ್ರತಿ ಯಂತ್ರಕ್ಕೂ ಕೊಡುವ ಗುರುತಿನ ಸಂಖ್ಯೆ) ನಕಲಾಗಿದೆ. 2025ರ ಆಗಸ್ಟ್ 29ರ ಮತ್ತು ಅದರ ನಂತರದ ಅಪ್‌ಡೇಟ್‌ಗಳಿರುವ ವಿಂಡೋಸ್ 11 ಇಂಥ ಯಂತ್ರಗಳ ನಡುವೆ ಲಾಗಿನ್ ಒಪ್ಪುವುದಿಲ್ಲ. ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ 6167 ಸಂಖ್ಯೆಯ ಇವೆಂಟ್ ಸಿಕ್ಕರೆ ಸಂಶಯವೇ ಬೇಡ. ಒಂದು ಯಂತ್ರಕ್ಕೆ ವಿಂಡೋಸ್ ಹೊಸದಾಗಿ ಹಾಕಿಸಿ. ಮುಂದೆ ಹೀಗೆ ಇಮೇಜ್ (ಡಿಸ್ಕ್ ನಕಲು) ಮಾಡಿಸುವಾಗ, ಯಂತ್ರದ ಗುರುತನ್ನು ಹೊಸದಾಗಿಸುವ ವಿಂಡೋಸ್ ಉಪಕರಣ ಸಿಸ್‌ಪ್ರೆಪ್ ಓಡಿಸಿಯೇ ಮಾಡಲು ಹೇಳಿ.

ಇನ್ನೊಬ್ಬರು: ನಮ್ಮಲ್ಲಿ ಐಪಿ ಕೊಟ್ಟರೆ ತೆರೆಯುತ್ತದೆ, ಹೆಸರು ಕೊಟ್ಟರೆ ಇಲ್ಲ.

ಉತ್ತರ: ಹಾಗಾದರೆ ಪರ್ಮಿಷನ್ ಸರಿಯಿದೆ, ಹೆಸರು ಹುಡುಕುವುದು ಮಾತ್ರ ಕೆಟ್ಟಿದೆ. ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಆಗಿದ್ದರೆ ಪ್ರೈವೇಟ್ ಮಾಡಿ. ಫಂಕ್ಷನ್ ಡಿಸ್ಕವರಿ ಹೆಸರಿನ ಎರಡೂ ಸರ್ವಿಸ್ ಆಟೋಮ್ಯಾಟಿಕ್ ಇರಲಿ. ಅಷ್ಟಕ್ಕೂ ಬಾರದಿದ್ದರೆ ರೂಟರಿನಲ್ಲಿ ಆ ಕಂಪ್ಯೂಟರಿಗೆ ಐಪಿ ಕಾಯ್ದಿರಿಸಿ, ಡ್ರೈವ್ ಅನ್ನು ಐಪಿಯಿಂದಲೇ ಮ್ಯಾಪ್ ಮಾಡಿ.