ಮೋಸ್ತಾರ್‌ನ ಹಳೆಯ ಸೇತುವೆ ಮತ್ತು ಬೀದರ್‌ನ ಮದರಸಾ: ಬಿದ್ದದ್ದನ್ನು ಮತ್ತೆ ಕಟ್ಟಬಹುದೇ?

ಪ್ರಶ್ನೆ – ಇತಿಹಾಸ ಅಧ್ಯಾಪಕ, ಬೀದರ್

ಎಲ್ಲರಿಗೂ ನಮಸ್ಕಾರ. ಮಹಮೂದ್ ಗಾವಾನನ ಮದರಸಾಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ, ಕುಸಿದುಹೋದ ಮುಂಭಾಗವನ್ನು ಮತ್ತೆ ಏಕೆ ಕಟ್ಟಬಾರದು ಎಂಬ ಪ್ರಶ್ನೆ ಬರುತ್ತದೆ. ಈ ಸಲ ಒಬ್ಬ ವಿದ್ಯಾರ್ಥಿನಿ ಬೋಸ್ನಿಯಾದ ಮೋಸ್ತಾರ್ ಪಟ್ಟಣದ ಸೇತುವೆಯನ್ನು ಉದಾಹರಣೆಯಾಗಿ ಮುಂದಿಟ್ಟಳು. ನೆರೆತ್ವಾ ನದಿಯ ಕಡಿದಾದ ಬಂಡೆಗಳ ನಡುವೆ 1566ರಲ್ಲಿ ಕಟ್ಟಿದ ಆ ಕಲ್ಲಿನ ಕಮಾನು 1993ರ ಯುದ್ಧದಲ್ಲಿ ನದಿಗೆ ಬಿತ್ತು, 2004ರಲ್ಲಿ ಮತ್ತೆ ಎದ್ದು ನಿಂತಿತು, ಮರುವರ್ಷವೇ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಹಾಗಿರುವಾಗ ನಮ್ಮ ಊರಿನ ಮದರಸಾಕ್ಕೆ ಅದೇ ಭಾಗ್ಯ ಏಕಿಲ್ಲ ಎಂದು ಅವಳು ಕೇಳಿದಾಗ ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಆ ಸೇತುವೆಯನ್ನು ಮೊದಲು ಹೇಗೆ ಕಟ್ಟಿದ್ದರು, ಎರಡನೆಯ ಸಲ ಹೇಗೆ ಕಟ್ಟಿದರು, ಈಗ ಅಲ್ಲಿರುವುದನ್ನು ಹಳೆಯ ಸೇತುವೆಯೆಂದು ಕರೆಯುವುದು ಸರಿಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ – ನಿವೃತ್ತ ಸಿವಿಲ್ ಇಂಜಿನಿಯರ್, ಕಲಬುರಗಿ

ಸರ್, ಸೇತುವೆಗಳ ಕೆಲಸದಲ್ಲೇ ವೃತ್ತಿಜೀವನ ಕಳೆದವನಾದ್ದರಿಂದ ಕಟ್ಟೋಣದ ಕಡೆಯಿಂದಲೇ ಉತ್ತರಿಸುತ್ತೇನೆ.

ಮೊದಲು ಅಲ್ಲಿ ಸರಪಳಿಗಳಿಗೆ ತೂಗುಹಾಕಿದ ಮರದ ಸೇತುವೆಯಿತ್ತು. ದಾಟುವವರಿಗೆ ಅದು ತೂಗಾಡುತ್ತ ಭಯ ಹುಟ್ಟಿಸುತ್ತಿತ್ತು. ಊರಿನವರ ಕೋರಿಕೆಯ ಮೇರೆಗೆ ಆಟೋಮನ್ ಸುಲ್ತಾನ ಸುಲೇಮಾನನು 1557ರಲ್ಲಿ ಕಲ್ಲಿನ ಸೇತುವೆಗೆ ಅಪ್ಪಣೆ ಕೊಟ್ಟನು. ಪ್ರಸಿದ್ಧ ವಾಸ್ತುಶಿಲ್ಪಿ ಸಿನಾನನ ಶಿಷ್ಯನಾದ ಮಿಮಾರ್ ಹೈರುದ್ದೀನನು ಅದನ್ನು ಕಟ್ಟಿ ಮುಗಿಸಲು ಒಂಬತ್ತು ವರ್ಷ ಹಿಡಿಯಿತು. ಕಮಾನಿನ ಹರವು ಸುಮಾರು 29 ಮೀಟರ್, ಅಗಲ 4 ಮೀಟರ್, ಬೇಸಿಗೆಯ ನೀರಿನ ಮಟ್ಟದಿಂದ ಎತ್ತರ 20 ಮೀಟರಿಗೂ ಹೆಚ್ಚು. ಮರದ ಆಸರೆಯನ್ನು ಬಿಚ್ಚುವ ದಿನ ಸೇತುವೆ ನಿಲ್ಲುವುದೋ ಇಲ್ಲವೋ ಎಂದು ಹೆದರಿದ ಶಿಲ್ಪಿ ತನ್ನ ಗೋರಿಯನ್ನು ತಾನೇ ತೋಡಿಕೊಂಡಿದ್ದನೆಂದು ಐತಿಹ್ಯವಿದೆ.

ನಮ್ಮ ಭೀಮಾ, ಕೃಷ್ಣಾ ನದಿಗಳು ಅಗಲವಾದ ಪಾತ್ರದಲ್ಲಿ ಹರಿಯುವುದರಿಂದ ಅವುಗಳ ಮೇಲೆ ಸಾಲು ಕಂಬಗಳಿಲ್ಲದೆ ಸೇತುವೆ ಕಟ್ಟಲಾಗದು. ಮೋಸ್ತಾರ್‌ನಲ್ಲಿ ನದಿ ಇಕ್ಕಟ್ಟಾದ ಕಂದರದಲ್ಲಿ ಹರಿಯುತ್ತದೆ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲದೆ ಎರಡೂ ಪಕ್ಕಗಳಿಗೆ ಒತ್ತುತ್ತದೆ. ಆ ಒತ್ತಡವನ್ನು ತಡೆಯಲು ಎರಡೂ ದಡಗಳಲ್ಲಿ ಬಂಡೆಯಿದ್ದುದರಿಂದ ನೀರಿನಲ್ಲಿ ಒಂದು ಕಂಬವನ್ನೂ ನಿಲ್ಲಿಸದೆ ಒಂದೇ ನೆಗೆತದಲ್ಲಿ ದಾಟಲು ಸಾಧ್ಯವಾಯಿತು. ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಒಂದಕ್ಕೊಂದು ಬಿಗಿದು, ಕೊಂಡಿ ಕೂತ ಗುಳಿಗಳಿಗೆ ಕರಗಿಸಿದ ಸೀಸವನ್ನು ಎರೆದಿದ್ದರು. ಕಮಾನಿನ ಭುಜಗಳ ಒಳಗೆ ಟೊಳ್ಳು ಜಾಗಗಳನ್ನು ಬಿಟ್ಟು ತೂಕವನ್ನು ಇಳಿಸಿದ್ದರು. ಹೊರಗಿನಿಂದ ನೋಡಿದವರಿಗೆ ಇದರ ಸುಳಿವೂ ಸಿಗುವುದಿಲ್ಲ. ಈ ಕೆಲಸದಲ್ಲಿ ನಾನು ಅತ್ಯಂತ ಗೌರವಿಸುವುದು ಅದನ್ನೇ.

ಕಲ್ಲಿನ ಹೆಸರು ತೆನೆಲಿಯಾ. ಅದು ಸುತ್ತಮುತ್ತಲೇ ಸಿಗುವ ತಿಳಿಬಣ್ಣದ ಸುಣ್ಣಕಲ್ಲು. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ಆದರೂ ಪದರು ಪದರಾಗಿ ಏಳುವುದರಿಂದ ನೆಲಕ್ಕೆ ಹಾಸುವ ಫರಸಿಗೆ ಹೇಳಿಮಾಡಿಸಿದ್ದು. ತೆನೆಲಿಯಾವನ್ನು ಬೇಕಾದ ಆಕಾರಕ್ಕೆ ದಪ್ಪ ತುಂಡುಗಳಾಗಿ ಕೆತ್ತಬಹುದು, ಅದು ಹಗುರವೂ ಹೌದು. 2001ರಲ್ಲಿ ಮರುನಿರ್ಮಾಣ ಆರಂಭವಾದಾಗ ಅದೇ ಜಾತಿಯ ಕಲ್ಲನ್ನು ತಂದು, ಅದೇ ಬಗೆಯ ಕೊಂಡಿಗಳನ್ನು ಮಾಡಿಸಿ, ಸೀಸ ಎರೆದು ಬಿಗಿದರು. ಹಂಗೇರಿಯ ಸೇನೆಯ ಮುಳುಗುಗಾರರು ನದಿಯ ತಳದಿಂದ ಹಳೆಯ ಕಲ್ಲುಗಳನ್ನು ಎತ್ತಿದ್ದರೂ, ಅವು ತೀರ ಜಖಂಗೊಂಡಿದ್ದರಿಂದ ಕಮಾನಿಗೆ ಹೊಸ ಕಲ್ಲನ್ನೇ ಬಳಸಬೇಕಾಯಿತು.

ಇಷ್ಟಾದರೂ ಅದನ್ನು ನಾನು ಹಳೆಯ ಸೇತುವೆಯೆಂದೇ ಕರೆಯುತ್ತೇನೆ. ಊಹೆಯಿಂದ ಕಟ್ಟದೆ, 1993ಕ್ಕೆ ಮೊದಲೇ ತಜ್ಞರು ತೆಗೆದಿದ್ದ ಅಳತೆಗಳು, ನಕ್ಷೆಗಳು ಮತ್ತು ಛಾಯಾಚಿತ್ರಗಳನ್ನು ನೋಡಿ ಕಟ್ಟಿದರೆಂಬುದೇ ಅದಕ್ಕೆ ಕಾರಣ. ಹಳೆಯ ಪೇಟೆಯನ್ನು ಕಾಪಾಡಿದ ಕೆಲಸಕ್ಕಾಗಿ ಮೋಸ್ತಾರ್‌ಗೆ 1986ರಲ್ಲಿಯೇ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತ್ತೆಂದರೆ, ಅಲ್ಲಿಯ ಜನ ತಮ್ಮ ಊರನ್ನು ಎಷ್ಟು ಶ್ರದ್ಧೆಯಿಂದ ನೋಡಿಕೊಂಡಿದ್ದರೆಂದು ತಿಳಿಯುತ್ತದೆ.

ಉತ್ತರ – ವಕೀಲೆ, ಯಾದಗಿರಿ

ಹಿರಿಯರು ಕಟ್ಟೋಣದ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಕೆಡವಿದ ಸಂಗತಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ವಿದ್ಯಾರ್ಥಿಗಳಿಗೆ ಅದನ್ನೂ ಹೇಳಬೇಕು. 1993ರ ನವೆಂಬರ್ 9ರಂದು ಬೋಸ್ನಿಯಾದ ಕ್ರೊಯೇಟ್ ಪಡೆಯ ಟ್ಯಾಂಕಿನ ಗುಂಡಿನ ದಾಳಿಗೆ ಸೇತುವೆ ಬಿತ್ತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2013ರಲ್ಲಿ, ಸೇತುವೆ ಆ ಹೊತ್ತಿಗೆ ಸೇನಾ ಗುರಿಯಾಗಿತ್ತಾದರೂ ನಾಗರಿಕರಿಗಾದ ಹಾನಿ ಮಿತಿಮೀರಿತ್ತೆಂದು ಹೇಳಿ ಆರೋಪಿಗಳನ್ನು ತಪ್ಪಿತಸ್ಥರೆಂದು ಎಣಿಸಿತು; 2017ರಲ್ಲಿ ಮೇಲ್ಮನವಿ ಪೀಠವು ಬಹುಮತದಿಂದ ಸೇತುವೆಗೆ ಸಂಬಂಧಿಸಿದ ಆ ಭಾಗವನ್ನು ರದ್ದುಗೊಳಿಸಿತು. ಪೀಠದ ಎಲ್ಲರೂ ಅದಕ್ಕೆ ಒಪ್ಪಿರಲಿಲ್ಲ, ನನಗೂ ಆ ತೀರ್ಮಾನ ಒಪ್ಪಿಗೆಯಾಗಿಲ್ಲ.

ಇನ್ನು ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬೇರೆ. 2005ರಲ್ಲಿ ಯುನೆಸ್ಕೊ ಮೋಸ್ತಾರ್‌ಗೆ ಮಾನ್ಯತೆ ಕೊಟ್ಟಾಗ ಆಧಾರವಾಗಿ ಹಿಡಿದದ್ದು ಶಿಲ್ಪದ ಪ್ರಾಚೀನತೆಯನ್ನಲ್ಲ. ಬೇರೆ ಬೇರೆ ಮತ, ಸಂಸ್ಕೃತಿಗಳ ಜನ ಕೂಡಿ ಬಾಳುವುದರ ಮತ್ತು ಯುದ್ಧದ ಬಳಿಕ ಮತ್ತೆ ಒಂದಾಗುವುದರ ಸಂಕೇತವೆಂಬ ನೆಲೆಯಲ್ಲಿ ಅದನ್ನು ಸೇರಿಸಿತು. ಮರಳಿ ಕಟ್ಟಿದ್ದನ್ನು ಎಲ್ಲಿಯೂ ಮರೆಮಾಚಿಲ್ಲವೆಂಬುದನ್ನೂ ಅದು ಗಮನಿಸಿತು. ಹಾಗಾಗಿ ಅದು ಹಳೆಯ ಸೇತುವೆಯ ಜಾಗದಲ್ಲಿ ಪ್ರಾಮಾಣಿಕವಾಗಿ ನಿಂತ ಹೊಸ ಸೇತುವೆ ಎನ್ನುವುದೇ ನನಗೆ ಸರಿಯೆನಿಸುತ್ತದೆ. ಆ ಊರಿನ ಯುವಕರು ಅದರ ಮೇಲಿನಿಂದ ನದಿಗೆ ಜಿಗಿಯುವ ಶತಮಾನಗಳ ವಾಡಿಕೆಯನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಬಳಸುವ ಜನ ಅವರೇ ಆಗಿರುವುದರಿಂದ ಸೇತುವೆಗೆ ಮತ್ತೆ ಜೀವ ಬಂದಿದೆ.

ಪ್ರಶ್ನೆ ಕೇಳಿದವರು – ಬೀದರ್

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಮದರಸಾದ ಉತ್ತರದ ಪಾರ್ಶ್ವ ಮತ್ತು ಅಲ್ಲಿಯ ಮಿನಾರು ಉಳಿದಿವೆ. ಎದುರು ಪಾರ್ಶ್ವವೂ ಅದರಂತೆಯೇ ಇದ್ದಿರಬೇಕಲ್ಲವೇ? ಉಳಿದದ್ದನ್ನು ನೋಡಿ ಬಿದ್ದದ್ದನ್ನು ಕಟ್ಟಲು ಬಾರದೇ?

ಉತ್ತರ – ನಿವೃತ್ತ ಸಿವಿಲ್ ಇಂಜಿನಿಯರ್, ಕಲಬುರಗಿ

ಗೋಡೆಯ ದಪ್ಪ, ಕಮಾನುಗಳ ಅಂತರ, ಅಂತಸ್ತುಗಳ ಎತ್ತರ ಇವನ್ನು ಹಾಗೆ ಲೆಕ್ಕಹಾಕಬಹುದು. ಆದರೆ 1472ರ ಆ ಕಟ್ಟಡದ ಜೀವವಿರುವುದು ಅದರ ಬಣ್ಣದ ಹಂಚುಗಳಲ್ಲಿ ಮತ್ತು ಬರಹದಲ್ಲಿ. ಉಳಿದ ಪಾರ್ಶ್ವದಲ್ಲಿರುವ ಬಳ್ಳಿ, ಅಕ್ಷರಗಳೇ ಬಿದ್ದ ಪಾರ್ಶ್ವದಲ್ಲೂ ಇದ್ದವೆಂದು ಹೇಳಲು ಆಧಾರ ಬೇಕು. ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಆ ಭಾಗ ಹಾರಿಹೋದಾಗ ಅಳತೆ ತೆಗೆದಿಡುವವರು ಯಾರಿದ್ದರು? ಕ್ಯಾಮೆರಾ ಬರಲು ಇನ್ನೂ ಒಂದೂವರೆ ಶತಮಾನ ಬೇಕಿತ್ತು. ಮೋಸ್ತಾರ್‌ಗೂ ನಮಗೂ ಇರುವ ವ್ಯತ್ಯಾಸ ಇದೇ, ಸರ್. ಆ ಹುಡುಗಿಗೆ ಹೀಗೆಯೇ ಹೇಳಿ.

ಆದ್ದರಿಂದ ಈಗ ಮಾಡಬೇಕಾದದ್ದು ಉಳಿದ ಅರ್ಧದ ದಾಖಲೆ. ಪ್ರತಿ ಹಂಚಿನ ಬಣ್ಣ, ಗಚ್ಚಿನ ಪದರು, ಬಿರುಕಿನ ಉದ್ದ, ಒಂದೊಂದನ್ನೂ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆದು, ದಿನಾಂಕ ಬರೆದು ಇಡಬೇಕು. ನಿಮ್ಮ ವಿದ್ಯಾರ್ಥಿಗಳು ಇದನ್ನು ಒಂದು ಗೋಡೆಯಿಂದ ಆರಂಭಿಸಬಹುದು. ಅದು ಸಂರಕ್ಷಿತ ಸ್ಮಾರಕವಾದ್ದರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಕಾಲೇಜಿನ ಕಡೆಯಿಂದ ಮೊದಲೇ ಪತ್ರ ಬರೆದು ಅನುಮತಿ ಪಡೆದುಕೊಳ್ಳಿ. ನಕ್ಷೆಯ ಹಾಳೆಗಳನ್ನು ಹೇಗೆ ಸಿದ್ಧಪಡಿಸಬೇಕೆಂದು ತಿಳಿಸಲು ನಾನು ಬೀದರ್‌ಗೆ ಬರುತ್ತೇನೆ.