ಲೆಗೊ ಜೆಸಿಬಿ ಕೈ ಎತ್ತುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಗಾಳಿ ಎಲ್ಲಿಗೆ ಹೋಗ್ತಿದೆ?

ಗೊಂಬೆಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಕೋಬೇಡಿ.

ನಮ್ಮ ಮನೆಯಲ್ಲಿ ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆ, ಮೆಟ್ಟಿಲು, ಕಳಶ ಎಲ್ಲ ಅಮ್ಮನ ಸುಪರ್ದಿ. ಕೆಳಗೆ ನೆಲದಲ್ಲಿ ಮರಳು ಹರಡಿ ಮಾಡುವ ಊರು ಮಾತ್ರ ನನಗೆ ಮತ್ತು ಅಣ್ಣನ ಮಗನಿಗೆ ಬಿಟ್ಟಿದ್ದು. ಈ ವರ್ಷ ಕೆರೆ ಹೂಳೆತ್ತುವ ದೃಶ್ಯ ಮಾಡೋಣ ಅಂತ ಅವನೇ ಹೇಳಿದ. ಹಾಗಾದರೆ ಜೆಸಿಬಿ ಬೇಕು. ಅದೂ ಸುಮ್ನೆ ನಿಲ್ಲಿಸುವುದಲ್ಲ, ಮರಳು ಎತ್ತಿ ಟ್ರಾಕ್ಟರಿಗೆ ಸುರಿಯಬೇಕು. (ಚೈನ್ ಮೇಲೆ ಓಡೋದು ಹಿಟಾಚಿ, ಜೆಸಿಬಿ ಅಲ್ಲ ಅಂತ ಯಾರಾದರೂ ಶುರು ಮಾಡುವ ಮುಂಚೆ: ಗೊತ್ತು. ನಮ್ಮನೇಲಿ ಮಣ್ಣು ತೋಡೋದೆಲ್ಲ ಜೆಸಿಬಿನೇ.)

ಲೆಗೊ ಟೆಕ್ನಿಕ್ ತುಂಡುಗಳಲ್ಲಿ ನಾನೇ ಯೋಚಿಸಿ ಕಟ್ಟಿದ್ದು, ಯಾವ ಸೆಟ್ಟೂ ಅಲ್ಲ. ದೊಡ್ಡ ಕೈಗೆ ಗಾಳಿ ಸಿಲಿಂಡರ್ ಎರಡು, ಬಕೆಟ್ಟಿಗೆ ಒಂದು. ಪವರ್ ಫಂಕ್ಷನ್ಸ್ (ಲೆಗೊದವರದೇ ಬ್ಯಾಟರಿ, ಮೋಟರ್ ಸಾಮಾನು) ಎಂ ಮೋಟರಿನ ಶಾಫ್ಟಿಗೆ ನೇರವಾಗಿ ಎರಡು ತೂತಿನ ಬೀಮ್ ಸಿಕ್ಕಿಸಿ ಕ್ರ್ಯಾಂಕ್ ಮಾಡಿದ್ದೇನೆ, ಅದು ಸಣ್ಣ ಪಂಪನ್ನು ಹಿಂದೆ ಮುಂದೆ ಆಡಿಸುತ್ತೆ. ಪಂಪಿನಿಂದ ಗಾಳಿ ಟ್ಯಾಂಕಿಗೆ, ಅಲ್ಲಿಂದ ಎರಡು ವಾಲ್ವಿಗೆ, ವಾಲ್ವಿನಿಂದ ಸಿಲಿಂಡರಿಗೆ. ನನ್ನ ಹತ್ತಿರ ಇದ್ದ ಪೈಪ್ ಸಾಲಲಿಲ್ಲ, ಹಾಗಾಗಿ ಕೈ ಕಡೆಗೆ ಹೋಗುವ ಎರಡು ತುಂಡು ಅಕ್ವೇರಿಯಂ ಮೀನಿನ ಅಂಗಡಿಯಿಂದ ತಂದು ದಾರ ಸುತ್ತಿ ಬಿಗಿ ಮಾಡಿದ್ದೇನೆ. ಬ್ಯಾಟರಿ ಡಬ್ಬಿಯಲ್ಲಿ ಆರು ರೀಚಾರ್ಜಬಲ್ ಸೆಲ್.

ತೊಂದರೆ ಏನಂದರೆ, ಕೈ ಚೆನ್ನಾಗಿ ಏಳುತ್ತೆ. ವಾಲ್ವನ್ನು ನಡುವೆ ನಿಲ್ಲಿಸಿದರೆ ಮೂರ್ನಾಲ್ಕು ನಿಮಿಷದಲ್ಲಿ ಸುಸ್ತಾದವರ ಹಾಗೆ ನಿಧಾನಕ್ಕೆ ಬಗ್ಗಿ ಬಕೆಟ್ ಮರಳಿಗೆ ತಾಗುತ್ತೆ. ಇನ್ನೊಂದು, ಹತ್ತು ನಿಮಿಷ ಓಡಿದರೆ ಮೋಟರ್ ಗುರ್ ಗುರ್ ಅಂತ ನರಳಿ ನಿಂತುಬಿಡುತ್ತೆ. ಐದು ನಿಮಿಷ ಬಿಟ್ಟರೆ ಮತ್ತೆ ಓಡುತ್ತೆ. ಸೆಲ್ ಪೂರ್ತಿ ಚಾರ್ಜ್ ಮಾಡಿ ನೋಡಿದೆ, ಅದೇ ಕಥೆ. ಸಿಲಿಂಡರ್ ಕಡ್ಡಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದೆ, ಮೊದಲಿಗಿಂತ ಕೆಟ್ಟದಾಯಿತು ಅನಿಸುತ್ತೆ.

ಪಾಡ್ಯಕ್ಕೆ ಇನ್ನು ಒಂಬತ್ತು ದಿನ. ಹುಡುಗ ದಿನಾ ಸ್ಕೂಲಿಂದ ಬಂದು ಮೊದಲು ಇದನ್ನೇ ಕೇಳುತ್ತಾನೆ.

ಹಲ್ಲುಚಕ್ರ:

ಸಿಲಿಂಡರ್ ಸೀಲ್ (ಒಳಗೆ ಗಾಳಿ ಸೋರದ ಹಾಗೆ ತಡೆಯೋ ರಬ್ಬರ್) ಹೋಗಿದೆ ಗುರು. ನನಗೂ ಹೀಗೇ ಆಗಿತ್ತು. ಹೊಸದು ತಗೊಳ್ಳೋದೇ. ಆದರೆ ರೇಟ್ ನೋಡಿ ಎದೆ ಹಿಡ್ಕೋಬೇಡಿ, ಹೊರಗಿನಿಂದ ಬರುವ ಆಟಿಕೆಗೆ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. ನಾನು ಅದಾದ ಮೇಲೆ ಹಳೇ ತುಂಡುಗಳನ್ನು ಚಿನ್ನದ ಹಾಗೆ ಡಬ್ಬಿಯಲ್ಲಿಟ್ಟಿದ್ದೇನೆ.

ಪೀಣ್ಯ_ಫಿಟ್ಟರ್:

ತಡೀರಿ ಸ್ವಾಮಿ, ಏನೂ ಕೊಳ್ಳೋಕೆ ಹೋಗಬೇಡಿ. ನಾನು ದಿನವಿಡೀ ದೊಡ್ಡ ಗಾಳಿ ಸಿಲಿಂಡರುಗಳ ಜೊತೆಗೇ ಇರೋನು. ಹತ್ತರಲ್ಲಿ ಎಂಟು ಸಲ ಸೀಲ್ ತಪ್ಪಲ್ಲ, ಜಾಯಿಂಟ್ ತಪ್ಪು.

ಮೊದಲು ಮೋಟರ್ ವಿಷಯ ಮರೆತುಬಿಡಿ. ಗಾಳಿಯನ್ನು ಮಾತ್ರ ನೋಡೋಣ. ನಿಮ್ಮ ವಾಲ್ವ್ ನಡುವೆ ಇದ್ದಾಗ ಮೂರೂ ಬಾಯಿ ಮುಚ್ಚಿರುತ್ತೆ. ಪಕ್ಕಕ್ಕೆ ತಿರುಗಿಸಿದರೆ ಒಂದು ಬಾಯಿಗೆ ಗಾಳಿ ಹೋಗುತ್ತೆ, ಇನ್ನೊಂದು ಬಾಯಿಂದ ಹಳೇ ಗಾಳಿ ಹೊರಗೆ ಬಿಡುತ್ತೆ. ಇಷ್ಟು ತಲೆಯಲ್ಲಿಟ್ಟುಕೊಂಡು ಹೀಗೆ ಮಾಡಿ. ಟ್ಯಾಂಕ್ ತುಂಬಿಸಿ, ಮೋಟರ್ ಬಂದ್ ಮಾಡಿ, ಎರಡೂ ವಾಲ್ವ್ ನಡುವೆ ಇಟ್ಟು ಹತ್ತು ನಿಮಿಷ ಕಾಫಿ ಕುಡಿದು ಬನ್ನಿ. ಆಮೇಲೆ ವಾಲ್ವ್ ತೆಗೆಯಿರಿ. ಕೈ ಜೋರಾಗಿ ಎದ್ದರೆ ಪಂಪ್, ಟ್ಯಾಂಕ್ ಎರಡೂ ಸಾಚಾ. ಏಳಲಿಲ್ಲವೋ, ಸೋರಿಕೆ ಆ ಕಡೆ.

ಆಮೇಲೆ ಕೈ ಎತ್ತಿ, ವಾಲ್ವ್ ನಡುವೆ ತಂದು, ಟ್ಯಾಂಕಿನಿಂದ ಬರುವ ಪೈಪನ್ನೇ ಕಿತ್ತುಬಿಡಿ. ಕೈ ಮೊದಲಿನ ವೇಗದಲ್ಲೇ ಇಳಿದರೆ ಸೋರುತ್ತಿರೋದು ವಾಲ್ವಿನಿಂದ ಸಿಲಿಂಡರಿನ ತನಕದ ಸಾಲಿನಲ್ಲಿ. ಈಗ ಸಿಲಿಂಡರಿನ ಬುಡಕ್ಕೇ ಪೈಪನ್ನು ಮಡಿಸಿ ಬಟ್ಟೆ ಕ್ಲಿಪ್ ಹಾಕಿ. ಎರಡು ಸಿಲಿಂಡರ್ ಇದೆ, ಎರಡಕ್ಕೂ ಹಾಕಿ. ಇಳಿಯೋದು ನಿಂತರೆ ಸಿಲಿಂಡರ್ ನಿರಪರಾಧಿ. ಕ್ಲಿಪ್ ಹಾಕಿದ ಮೇಲೂ ಇಳಿದರೆ ಮಾತ್ರ ಸೀಲ್ ಮಾತು ಎತ್ತಿ.

ನನಗೆ ಅನುಮಾನ ನಿಮ್ಮ ಮೀನಿನ ಪೈಪ್ ಮೇಲೇ. ಲೆಗೊ ಪೈಪಿನ ಹೊರ ಅಗಲ 4 ಮಿಲಿಮೀಟರ್. ಮೀನಿನ ತೊಟ್ಟಿಗೆ ಹಾಕುವ ಪೈಪಿನ ಒಳ ಅಗಲವೇ 4, ಹೊರಗೆ 6. ಅಂದರೆ ನೀವು ಚಿಕ್ಕವರ ಕಾಲಿಗೆ ದೊಡ್ಡವರ ಚಪ್ಪಲಿ ಹಾಕಿ ದಾರ ಕಟ್ಟಿದ್ದೀರಿ! ಹೊರಗೆ 4, ಒಳಗೆ 2 ಇರುವ ಸಿಲಿಕಾನ್ ಪೈಪ್ ಕೇಳಿ. ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡಲ್ಲಿ ರೋಬೋ ಸಾಮಾನು ಮಾರುವವರ ಹತ್ತಿರ ವಿಚಾರಿಸಿ.

ಇನ್ನು ಕೊಬ್ಬರಿ ಎಣ್ಣೆ! ದೋಸೆ ಕಾವಲಿಗೆ ಹಚ್ಚಿ, ಸಿಲಿಂಡರಿಗೆ ಬೇಡ. ಅದು 24, 25 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗುತ್ತೆ. ನಿಮ್ಮೂರಲ್ಲಿ ರಾತ್ರಿ ಅಷ್ಟು ತಂಪು ಇದ್ದೇ ಇರುತ್ತಲ್ವಾ? ಬೆಳಗ್ಗೆ ಕಡ್ಡಿ ಅಂಟಿಕೊಂಡಿರುತ್ತೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಹಚ್ಚಲೇಬೇಕು ಅಂದರೆ ಒಂದು ಹನಿ ಸಿಲಿಕಾನ್ ಎಣ್ಣೆ ಸಾಕು.

ಮಲ್ನಾಡ್_ಮೋಟರ್:

ಫಿಟ್ಟರ್ ಸಾಹೇಬರು ಗಾಳಿ ನೋಡಿಕೊಂಡರು, ಮೋಟರ್ ನಾನು ಹೇಳ್ತೇನೆ ಮಾರಾಯ್ರೆ.

ಮೋಟರಿಗೆ ನೇರವಾಗಿ ಕ್ರ್ಯಾಂಕ್ ಕೊಟ್ಟಿದ್ದೀರಿ, ಅಲ್ಲೇ ಎಡವಿದ್ದು. ಎಂ ಮೋಟರ್ ಭಾರ ಇಲ್ಲದಾಗ 9 ವೋಲ್ಟಿನಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು ಹೊಡೆಯುತ್ತೆ. ಟ್ಯಾಂಕ್ ಖಾಲಿ ಇದ್ದಾಗ ಪಂಪ್ ಹಗುರ, ಸರಸರ ಓಡುತ್ತೆ. ಒತ್ತಡ ಏರಿದ ಹಾಗೆ ಒಂದೊಂದು ತಳ್ಳಿಗೂ ಮೋಟರ್ ತಿಣುಕುತ್ತೆ. ನಿಮ್ಮ ರೀಚಾರ್ಜಬಲ್ ಸೆಲ್ ಒಂದೊಂದೂ 1.2 ವೋಲ್ಟ್, ಆರು ಸೇರಿದರೆ 7.2 ಮಾತ್ರ. ಅಲ್ಲೇ ಶಕ್ತಿ ಕಮ್ಮಿ. ಸಾಲದ್ದಕ್ಕೆ ಸೋರಿಕೆ ಬೇರೆ ಇರೋದರಿಂದ ಪಂಪಿಗೆ ಬಿಡುವೇ ಇಲ್ಲ. ಮೋಟರ್ ಬಿಸಿಯಾಗುತ್ತೆ, ಒಳಗಿನ ರಕ್ಷಣೆ ಕರೆಂಟ್ ಕಡಿಯುತ್ತೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತೆ. ಐದು ನಿಮಿಷ ಬಿಟ್ಟರೆ ಓಡುತ್ತೆ ಅಂದಿರಲ್ಲ, ಅದು ಇದೇ. ಹಾಳಾಗಿಲ್ಲ, ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ ಅಷ್ಟೇ.

ಮೋಟರಿಗೆ 8 ಹಲ್ಲಿನ ಗಿಯರ್ ಹಾಕಿ, ಅದರಿಂದ 24 ಹಲ್ಲಿನದು ತಿರುಗಲಿ, ಕ್ರ್ಯಾಂಕ್ ಆ ಎರಡನೇ ಶಾಫ್ಟಿಗೆ. ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಬಲ ಹತ್ತಿರ ಹತ್ತಿರ ಮೂರು ಪಟ್ಟು. ಟ್ಯಾಂಕ್ ತುಂಬೋಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕು, ಬೇಕಾದರೆ ಬೇಕು. ಎಕ್ಸ್‌ಎಲ್ ಮೋಟರ್ ಇದ್ದರೆ ಇನ್ನೂ ಒಳ್ಳೆಯದು, ಅದರ ವೇಗ ಎಂಗಿಂತ ಸುಮಾರು ಅರ್ಧ, ಆದರೆ ಬಲ ಮೂರು ಪಟ್ಟಿಗೂ ಜಾಸ್ತಿ.

ಇನ್ನೊಂದು ಸಣ್ಣ ವಿಷಯ, ಆದರೆ ನಾನು ಇದರಲ್ಲಿ ಒಂದು ಇಡೀ ಭಾನುವಾರ ಕಳೆದಿದ್ದೇನೆ. ಮೋಟರ್ ಬಿಚ್ಚಿ ಪಕ್ಕಕ್ಕಿಟ್ಟು ಬರೀ ಶಾಫ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿ ಅನಿಸಿದರೆ ಬುಶ್ (ಶಾಫ್ಟ್ ಜಾರದ ಹಾಗೆ ಹಿಡಿಯುವ ಸಣ್ಣ ಬಳೆ) ಬೀಮಿಗೆ ಒತ್ತಿಕೊಂಡಿದೆ ಅಂತ. ಉಗುರು ಹೋಗುವಷ್ಟು ಹಿಂದೆ ಎಳೆಯಿರಿ. ಕಣ್ಣಿಗೆ ಏನೂ ಕಾಣಿಸಲ್ಲ, ಮೋಟರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ.

ಗೊಂಬೆಮನೆ:

ಇಬ್ಬರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಕೂತು ಎಲ್ಲ ಮಾಡಿದೆವು, ಹುಡುಗ ಗಡಿಯಾರ ಹಿಡಿದು ಬರೆದುಕೊಂಡ.

ಟ್ಯಾಂಕ್ ಹತ್ತು ನಿಮಿಷ ಗಾಳಿ ಹಿಡಿಯಿತು, ಕೈ ಜೋರಾಗೇ ಎದ್ದಿತು. ಟ್ಯಾಂಕ್ ಪೈಪ್ ಕಿತ್ತಾಗಲೂ ಕೈ ಇಳಿಯಿತು, ಅದೇ ವೇಗ. ಸಿಲಿಂಡರ್ ಬುಡಕ್ಕೆ ಕ್ಲಿಪ್ ಹಾಕಿದೆವು ನೋಡಿ, ಕಾಲು ಗಂಟೆ ಆದರೂ ಕೈ ಅಲ್ಲೇ ನಿಂತಿತ್ತು! ಆಮೇಲೆ ಮೀನಿನ ಪೈಪಿನ ಟಿ ಜಾಯಿಂಟನ್ನು ನೀರಿನ ಲೋಟದಲ್ಲಿ ಅದ್ದಿದರೆ ದಾರದ ಸಂದಿಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಹುಡುಗನಿಗೆ ಕೈಯಿಗಿಂತ ಆ ಗುಳ್ಳೆಯೇ ಹೆಚ್ಚು ಖುಷಿ ಕೊಟ್ಟಿತು.

ಪೈಪಿಗೆ ಹೇಳಿದ್ದೇನೆ, ನಾಳೆ ಬರುತ್ತೆ. ಅಲ್ಲಿಯ ತನಕ ಉದ್ದ ಕಮ್ಮಿ ಮಾಡಿ ಹಳೇ ಪೈಪಲ್ಲೇ ಒಂದು ಸಿಲಿಂಡರ್ ಓಡಿಸುತ್ತಿದ್ದೇವೆ. ಗಿಯರ್ ಹಾಕಿದ ಮೇಲೆ ಮೋಟರ್ ಅರ್ಧ ಗಂಟೆ ನಿಲ್ಲದೆ ಓಡಿತು. ಬುಶ್ ಕೂಡ ಬಿಗಿ ಇತ್ತು, ಒಂದಲ್ಲ, ಎರಡು.

ಆದರೆ ಇನ್ನೊಂದು ಅನುಮಾನ. ಈಗ ಕೈ ತಾನಾಗಿ ಇಳಿಯಲ್ಲ, ಸರಿ. ಬಕೆಟ್ಟಿಗೆ ಒಂದು ಹಿಡಿ ಮರಳು ಹಾಕಿದರೆ ಮಾತ್ರ ತಕ್ಷಣ ಒಂದೆರಡು ಬೆರಳಿನಷ್ಟು ಕುಸಿದು ಅಲ್ಲೇ ನಿಲ್ಲುತ್ತೆ. ಮರಳು ತೆಗೆದರೆ ಮೇಲೆ ಬರುತ್ತೆ. ಇದೂ ಸೋರಿಕೆನಾ?

ಪೀಣ್ಯ_ಫಿಟ್ಟರ್:

ಅಲ್ಲ. ಮೇಲೆ ವಾಪಸ್ ಬರುತ್ತೆ ಅಂದಿರಲ್ಲ, ಸೋರಿ ಹೋದ ಗಾಳಿ ವಾಪಸ್ ಬರಲ್ಲ. ಅದು ಗಾಳಿಯ ಗುಣ. ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿ ನೋಡಿ, ಸ್ಪ್ರಿಂಗ್ ಹಾಗೆ ಕುಗ್ಗಿ ಹಿಂದೆ ಬರುತ್ತೆ. ನಿಜವಾದ ಹಿಟಾಚಿಯಲ್ಲಿ (ಸರಿ, ಜೆಸಿಬಿ) ಗಾಳಿ ಇರಲ್ಲ, ಎಣ್ಣೆ ಇರುತ್ತೆ. ಎಣ್ಣೆ ಹಾಗೆ ಕುಗ್ಗಲ್ಲ, ಅದಕ್ಕೇ ಅದರ ಕೈ ಗಟ್ಟಿಯಾಗಿ ನಿಲ್ಲುತ್ತೆ.

ಆದರೆ ಎರಡು ಬೆರಳು ಅಂದರೆ ಸ್ವಲ್ಪ ಜಾಸ್ತಿನೇ. ಸಿಲಿಂಡರಿನ ಕಡ್ಡಿ ಕೈಗೆ ಎಲ್ಲಿ ಸೇರಿದೆ? ಕೀಲಿನಿಂದ ಎರಡು ತೂತು ದೂರ, ಬಕೆಟ್ ಹದಿನಾಲ್ಕು ತೂತು ದೂರ ಅಂದುಕೊಳ್ಳಿ. ಬಕೆಟ್ಟಿನ ಮರಳು ಸಿಲಿಂಡರಿಗೆ ಏಳು ಪಟ್ಟು ಭಾರ. ಕಡ್ಡಿಯನ್ನು ನಾಲ್ಕನೇ ತೂತಿಗೆ ಒಯ್ದರೆ ಭಾರ ಮೂರೂವರೆ ಪಟ್ಟಿಗೆ ಇಳಿಯುತ್ತೆ. ಕೈ ಏರುವ ಎತ್ತರ ಕಮ್ಮಿ ಆಗುತ್ತೆ, ಅದು ಕೊಡಲೇಬೇಕಾದ ಬೆಲೆ. ಕೆರೆಯಿಂದ ಟ್ರಾಕ್ಟರ್ ತನಕ ತಾನೇ, ಸಾಕಾಗುತ್ತೆ.

ಡಚ್_ಕನ್ನಡಿಗ:

ಐಂಡ್‌ಹೋವನ್‌ನಿಂದ ನಮಸ್ಕಾರ. ಕುಸಿಯಲೇಬಾರದು ಅಂದರೆ ಗಾಳಿ ಬಿಟ್ಟು ಲೀನಿಯರ್ ಆಕ್ಚುಯೇಟರ್ ಹಾಕಬಹುದು, ಒಳಗೆ ಸ್ಕ್ರೂ ಇರುವ ಆ ಕಡ್ಡಿ, 2008ರ 8294 ಎಕ್ಸ್‌ಕವೇಟರ್ ಸೆಟ್ಟಿನಲ್ಲಿ ಬಂದದ್ದು. ಇಟ್ಟ ಜಾಗದಲ್ಲಿ ನಿಲ್ಲುತ್ತೆ. ಆದರೆ ನನ್ನ ಕೇಳಿದರೆ ಬೇಡ. ಅದು ಆಮೆ. ಗಾಳಿಯ ಕೈ ಎದ್ದಾಗ ಬರುವ ಆ 'ಉಸ್' ಶಬ್ದಕ್ಕೋಸ್ಕರ ತಾನೇ ನಾವೆಲ್ಲ ಇದನ್ನು ಮಾಡೋದು? ಲೆಗೊದವರು 1984ರಲ್ಲಿ ಗಾಳಿ ಸಿಲಿಂಡರ್ ತಂದರು, 1992ರ 8868 ಟ್ರಕ್ಕಿನಲ್ಲಿ ಮೋಟರಿನಿಂದಲೇ ಪಂಪ್ ಓಡುತ್ತಿತ್ತು, 2015ರ 42043 ಬೆಂಝ್ ಟ್ರಕ್ಕಿನ ಜೊತೆ ಹೊಸ ಮಾದರಿಯ ಸಿಲಿಂಡರ್ ಬಂತು. ನನ್ನ ಹತ್ತಿರ ಹಳೆಯದು ಹೊಸದು ಎರಡೂ ಇದೆ, ಒಂದೇ ಸಾಲಿನಲ್ಲಿ ಓಡಿಸುತ್ತೇನೆ.

ನಾನು ಮಾಡಿಕೊಂಡ ಒಂದು ಉಪಾಯ ಹೇಳುತ್ತೇನೆ, ನಿಮ್ಮ ಮೋಟರಿಗೆ ಬಿಡುವು ಸಿಗುತ್ತೆ. ಒಂದು ಸಣ್ಣ ಸಿಲಿಂಡರನ್ನು ಟಿ ಹಾಕಿ ಟ್ಯಾಂಕಿನ ಸಾಲಿಗೆ ಸೇರಿಸಿ. ಅದರ ಕಡ್ಡಿ ಹೊರಗೆ ಬರದ ಹಾಗೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟಿ. ಕಡ್ಡಿಯ ತುದಿಯನ್ನು ಪವರ್ ಫಂಕ್ಷನ್ಸ್ ಸ್ವಿಚ್ಚಿನ ಹಿಡಿಗೆ ಜೋಡಿಸಿ. ಒತ್ತಡ ರಬ್ಬರನ್ನು ಗೆದ್ದಾಗ ಕಡ್ಡಿ ಹೊರಗೆ ಬಂದು ಹಿಡಿಯನ್ನು ನಡುವಿಗೆ ತಳ್ಳುತ್ತೆ, ಮೋಟರ್ ಬಂದ್. ಗಾಳಿ ಖರ್ಚಾದಾಗ ರಬ್ಬರ್ ಎಳೆದು ಮತ್ತೆ ಆನ್. ರಬ್ಬರ್ ಹೆಚ್ಚಿಸಿದರೆ ಒತ್ತಡ ಹೆಚ್ಚು. ನಾನು ದುರಾಸೆಗೆ ಬಿದ್ದು ನಾಲ್ಕು ಹಾಕಿದ್ದೆ, ಆಫೀಸ್ ಕಾಲ್ ನಡುವೆ ಪೈಪ್ ಪಟಾರ್ ಅಂತ ಹಾರಿತು. ಎರಡೇ ಸಾಕು.

ಹಲ್ಲುಚಕ್ರ:

ಸೀಲ್ ಅಂದಿದ್ದಕ್ಕೆ ಸಾರಿ ಗುರು. ಇದನ್ನೆಲ್ಲ ಓದಿ ನನ್ನ ಹಳೇ 'ಕೆಟ್ಟ' ಸಿಲಿಂಡರ್ ತೆಗೆದು ನೀರಲ್ಲಿ ಅದ್ದಿ ನೋಡಿದೆ. ಗುಳ್ಳೆನೇ ಇಲ್ಲ. ಎರಡು ವರ್ಷದಿಂದ ಡ್ರಾಯರಲ್ಲಿ ಸುಮ್ನೆ ಶಿಕ್ಷೆ ಅನುಭವಿಸುತ್ತಿತ್ತು ಪಾಪ.

ಗೊಂಬೆಮನೆ:

ಇವತ್ತು ನವರಾತ್ರಿ ಮೂರನೇ ದಿನ. ಕೆಲಸ ಮಾಡುತ್ತಿದೆ!

ಸಿಲಿಕಾನ್ ಪೈಪ್ ಬೆರಳಲ್ಲಿ ಒತ್ತಿದರೆ ಕೂತಿತು, ದಾರವೇ ಬೇಡ. ಕಡ್ಡಿ ನಾಲ್ಕನೇ ತೂತಿಗೆ ಹೋಯಿತು, ಮರಳು ಹಾಕಿದರೆ ಈಗ ಅರ್ಧ ಬೆರಳು ಬಗ್ಗುತ್ತೆ ಅಷ್ಟೇ. ವಾಲ್ವನ್ನು ಪೂರ್ತಿ ತಿರುಗಿಸಿದರೆ ಕೈ ಕಪ್ಪೆ ಹಾರಿದ ಹಾಗೆ ಏಳುತ್ತೆ, ಮರಳೆಲ್ಲ ಪಟ್ಟದ ಗೊಂಬೆ ಮೇಲೆ. ಚೂರೇ ಚೂರು ತೆಗೆದರೆ ನಿಧಾನ ಬರುತ್ತೆ ಅಂತ ಹುಡುಗನೇ ಕಂಡುಹಿಡಿದ, ಈಗ ಅವನೊಬ್ಬನೇ ಡ್ರೈವರ್, ಉಳಿದ ಮಕ್ಕಳು ಸಾಲಲ್ಲಿ ನಿಂತು ನೋಡಬೇಕು.

ರಬ್ಬರ್ ಸ್ವಿಚ್ಚೂ ಎರಡನೇ ಪ್ರಯತ್ನಕ್ಕೆ ಸರಿ ಬಂತು. ಆದರೆ ನಿನ್ನೆ ಆರತಿ ಹೊತ್ತಿಗೆ, ಪಕ್ಕದ ಮನೆಯವರು ಹಾಡು ಎತ್ತಿಕೊಂಡ ತಕ್ಷಣ ಪಂಪ್ ಕಟ ಕಟ ಅಂತ ತಾನಾಗೇ ಶುರುವಾಯಿತು. ಅಮ್ಮ ಹಾಡು ನಿಲ್ಲಿಸದೆ ನನ್ನ ಕಡೆ ನೋಡಿದ ನೋಟ ಏನು ಹೇಳಲಿ. ಈಗ ಆರತಿಗೆ ಮುಂಚೆ ಟ್ಯಾಂಕ್ ತುಂಬಿಸಿ ಬ್ಯಾಟರಿ ಡಬ್ಬಿ ಆಫ್ ಮಾಡುತ್ತೇನೆ. ತುಂಬಿದ ಒಂದು ಟ್ಯಾಂಕಿನಲ್ಲಿ ಮೂರು ಬಕೆಟ್ ಮರಳು ಎತ್ತಬಹುದು. ಹಾಡು ಮಾತ್ರ ಐದು ಬಕೆಟ್ಟಿನಷ್ಟು ಉದ್ದ ಇದೆ. ಯಾರ ಹತ್ತಿರವಾದರೂ ಹಳೇ ಗಾಳಿ ಟ್ಯಾಂಕ್ ಇನ್ನೊಂದು ಇದ್ದರೆ ವಿಜಯದಶಮಿ ಒಳಗೆ ಹೇಳಿ.