ವರ್ಜೀನಿಯಾದ ಗುಲಾಮಗಿರಿಯ ಕಾನೂನುಗಳು ಹೆಂಗಸರಿಂದಲೇ ಆರಂಭವಾದದ್ದೇಕೆ?

ಪ್ರಶ್ನೆ

ಹದಿನೇಳನೆಯ ಶತಮಾನದ ವರ್ಜೀನಿಯಾ ವಸಾಹತಿನ ಇತಿಹಾಸವನ್ನು ಓದುತ್ತಿದ್ದೇನೆ. ತಂಬಾಕಿನ ಹೊಲಗಳಿಗೆ ಆಳುಗಳು ಬೇಕಾಗಿದ್ದರು, ಇಂಗ್ಲೆಂಡಿನಿಂದ ಕರಾರಿನ ಮೇಲೆ, ಅಂದರೆ ಇಷ್ಟು ವರ್ಷ ದುಡಿಯುತ್ತೇವೆಂದು ಒಪ್ಪಿಕೊಂಡು, ಬರುವವರು ಕಡಿಮೆಯಾದಾಗ ಆಫ್ರಿಕನ್ನರನ್ನು ಹೆಚ್ಚು ಹೆಚ್ಚಾಗಿ ತಂದರು, ಜನಾಂಗಭೇದ ಅದರ ಹಿಂದೆಯೇ ಬೆಳೆಯಿತು ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಆದರೆ 1705ರ ದೊಡ್ಡ ಗುಲಾಮ ಕಾಯಿದೆಗೆ ಮುಂಚಿನ ಶಾಸನಗಳನ್ನು ಒಂದೊಂದಾಗಿ ನೋಡಿದರೆ ತೆರಿಗೆ, ಹೆರಿಗೆ, ಮದುವೆ ಹೀಗೆ ಹೆಂಗಸರ ಬದುಕೇ ಮತ್ತೆ ಮತ್ತೆ ಎದುರಾಗುತ್ತದೆ. ಜನಾಂಗಭೇದ ಮೊದಲು ರೂಪುಗೊಂಡು ಆಮೇಲೆ ಹೆಂಗಸರಿಗೂ ಅನ್ವಯವಾಯಿತೇ, ಅಥವಾ ಹೆಂಗಸರ ವಿಷಯದಲ್ಲಿ ಗೆರೆ ಎಳೆಯುತ್ತಲೇ ಅದು ರೂಪುಗೊಂಡಿತೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ತಮ್ಮ ಎರಡನೆಯ ಊಹೆಯೇ ಸರಿಯೆಂದು ನನ್ನ ಅಭಿಪ್ರಾಯ. ಅದಕ್ಕೆ ಮೊದಲ ಆಧಾರ 1643ರ ತಲೆಗಂದಾಯದ ಶಾಸನ. ಹದಿನಾರು ವರ್ಷ ದಾಟಿದ ಗಂಡಸರ ಜೊತೆಗೆ ಅದೇ ವಯಸ್ಸಿನ ಆಫ್ರಿಕನ್ ಹೆಂಗಸರಿಗೂ ಅದು ಕಂದಾಯ ವಿಧಿಸಿತು. ಇಂಗ್ಲಿಷ್ ಹೆಂಗಸರನ್ನು ಬಿಟ್ಟಿತು. ಇಂಗ್ಲಿಷ್ ಹೆಂಗಸು ಮನೆವಾರ್ತೆ ನೋಡಿಕೊಳ್ಳುವವಳು, ಆಫ್ರಿಕನ್ ಹೆಂಗಸು ಗಂಡಸಿನಂತೆ ಗುದ್ದಲಿ ಹಿಡಿದು ಹೊಲದಲ್ಲಿ ದುಡಿಯುವವಳು ಎಂಬ ಎಣಿಕೆ ಇದರ ಹಿಂದಿತ್ತು. ವಾಸ್ತವದಲ್ಲಿ ಬಡ ಇಂಗ್ಲಿಷ್ ಹೆಂಗಸರೂ ಹೊಲಕ್ಕೆ ಇಳಿಯುತ್ತಿದ್ದರು ಎಂಬುದನ್ನು ಮರೆಯಬಾರದು.

ಈ ಕಂದಾಯದ ಭಾರ ಗುಲಾಮರ ಒಡೆಯರ ಮೇಲಷ್ಟೇ ಬೀಳಲಿಲ್ಲ. ಬಿಡುಗಡೆ ಹೊಂದಿ ಸ್ವಂತ ಜಮೀನು ಮಾಡಿಕೊಂಡ ಆಫ್ರಿಕನ್ ಗಂಡಸು ತನ್ನ ಹೆಂಡತಿ ಮತ್ತು ಬೆಳೆದ ಹೆಣ್ಣುಮಕ್ಕಳ ಲೆಕ್ಕದಲ್ಲಿಯೂ ಕಂದಾಯವಾಗಿ ತಂಬಾಕು ತೆರಬೇಕಾಗಿತ್ತು; ಅಲ್ಲಿ ಹಣದಂತೆ ಬಳಕೆಯಲ್ಲಿದ್ದದ್ದು ತಂಬಾಕೇ. ಪಕ್ಕದ ಹೊಲದ ಇಂಗ್ಲಿಷ್ ರೈತನಿಗೆ ಆ ಹೊರೆ ಇರಲಿಲ್ಲ. ಅಂಥವರಲ್ಲಿ ಒಬ್ಬರಾದ ನಾರ್ಥಾಂಪ್ಟನ್ ಕೌಂಟಿಯ ಆಂಟನಿ ಜಾನ್ಸನ್ ಅವರ ಆಸ್ತಿ ಬೆಂಕಿಗೆ ಆಹುತಿಯಾದಾಗ, ಅಲ್ಲಿನ ನ್ಯಾಯಾಲಯ 1653ರಲ್ಲಿ ಅವರ ಪತ್ನಿ ಮೇರಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಈ ಕಂದಾಯದಿಂದ ವಿನಾಯಿತಿ ಕೊಟ್ಟಿತು. ನೆರೆಹೊರೆಯವರಿಗೆ ಪರಿಚಿತವಾದ ಒಂದು ಕುಟುಂಬಕ್ಕೆ ಆಗ ಇಷ್ಟು ಸಾಧ್ಯವಿತ್ತು. 1668ರಲ್ಲಿ ಶಾಸನಸಭೆ, ಕಪ್ಪು ಹೆಂಗಸರು ಸ್ವತಂತ್ರರಾಗಿದ್ದರೂ ಕಂದಾಯ ಕೊಡಲೇಬೇಕು, ಇಂಗ್ಲಿಷರಿಗಿರುವ ವಿನಾಯಿತಿಗಳೆಲ್ಲ ಅವರಿಗೆ ಸಲ್ಲುವುದಿಲ್ಲ ಎಂದು ಸ್ಪಷ್ಟಪಡಿಸಿತು. ಗುಲಾಮಗಿರಿಯಿಂದ ಹೊರಬಂದವಳನ್ನೂ ಬಣ್ಣದ ಕಾರಣಕ್ಕೆ ಹೊರಗಿಟ್ಟ ಶಾಸನ ಇದು.

ಉತ್ತರ 2

ಮೇಲಿನ ಉತ್ತರಕ್ಕೆ 1662ರ ಡಿಸೆಂಬರ್ ಅಧಿವೇಶನವನ್ನು ಸೇರಿಸಲೇಬೇಕು, ಏಕೆಂದರೆ ಇಡೀ ವ್ಯವಸ್ಥೆಯ ಬುಡ ಅಲ್ಲಿದೆ.

ಎಲಿಜಬೆತ್ ಕೀ ಎಂಬಾಕೆಯ ತಂದೆ ಶಾಸನಸಭೆಯ ಸದಸ್ಯನಾಗಿದ್ದ ಇಂಗ್ಲಿಷ್ ಗೃಹಸ್ಥ, ತಾಯಿ ಆಫ್ರಿಕನ್ ಗುಲಾಮಳು. ನಿಗದಿತ ಅವಧಿಯ ಸೇವೆಗೆಂದು ತಂದೆ ಒಪ್ಪಿಸಿದ್ದ ಈ ಹುಡುಗಿಯನ್ನು ಅವಧಿ ಮುಗಿದು ವರ್ಷಗಳು ಕಳೆದರೂ ಬಿಡಲಿಲ್ಲ. ಕೊನೆಯ ಒಡೆಯ ಸತ್ತಾಗ ಅವನ ಆಸ್ತಿಯ ಉಸ್ತುವಾರಿಗಳು ಆಕೆಯನ್ನು ಗುಲಾಮಳೆಂದೇ ಪರಿಗಣಿಸಿದರು. ಆಕೆ ನಾರ್ಥಂಬರ್‌ಲೆಂಡ್ ಕೌಂಟಿಯ ನ್ಯಾಯಾಲಯದ ಮೆಟ್ಟಿಲೇರಿದಳು. ತಂದೆ ಸ್ವತಂತ್ರ ಇಂಗ್ಲಿಷ್ ಪ್ರಜೆ, ತಾನು ದೀಕ್ಷಾಸ್ನಾನ ಪಡೆದ ಕ್ರೈಸ್ತಳು, ಕರಾರಿನ ಅವಧಿ ಎಂದೋ ಮುಗಿದಿದೆ ಎಂಬುದು ಆಕೆಯ ವಾದ. ಮೇಲ್ಮನವಿಗಳನ್ನು ದಾಟಿ 1656ರಲ್ಲಿ ಬಿಡುಗಡೆ ಪಡೆದ ಆಕೆ, ತನ್ನ ಪರವಾಗಿ ವಾದಿಸಿದ ವಿಲಿಯಂ ಗ್ರಿನ್‌ಸ್ಟೆಡ್‌ನನ್ನೇ ಮದುವೆಯಾದಳು.

ಆಕೆ ಗೆದ್ದ ದಾರಿಗಳು ಮುಂದೆ ಒಂದೊಂದಾಗಿ ಮುಚ್ಚಿಹೋದವು. ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತದೆ ಎಂಬುದು ಇಂಗ್ಲೆಂಡಿನ ರೂಢಿ. 1662ರ ಶಾಸನ ಅದನ್ನು ತಿರುವಿಹಾಕಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದಿತು. 1667ರ ಶಾಸನ ದೀಕ್ಷಾಸ್ನಾನದಿಂದ ಬಿಡುಗಡೆ ಸಿಗದು ಎಂದಿತು.

ಅದೇ 1662ರ ಅಧಿವೇಶನದ ಇನ್ನೊಂದು ಶಾಸನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಕರಾರಿನ ಮೇಲೆ ದುಡಿಯುವ ಸೇವಕಿಯನ್ನು ಒಡೆಯನೇ ಬಸಿರು ಮಾಡಿದರೆ, ಬಸಿರಾದ ತಪ್ಪಿಗೆ ಆಕೆ ಹೆಚ್ಚುವರಿಯಾಗಿ ದುಡಿಯಬೇಕಾದ ಕಾಲದ ಲಾಭ ಅವನಿಗೆ ದಕ್ಕಬಾರದೆಂದು, ಚರ್ಚಿನ ಮೇಲ್ವಿಚಾರಕರು ಆಕೆಯ ಎರಡು ವರ್ಷಗಳ ದುಡಿಮೆಯನ್ನು ಬೇರೆಯವರಿಗೆ ಮಾರಿ, ಬಂದ ತಂಬಾಕನ್ನು ಪ್ಯಾರಿಷ್‌ಗೆ (ಸ್ಥಳೀಯ ಚರ್ಚಿನ ಆಡಳಿತಕ್ಕೆ) ಸೇರಿಸಬೇಕೆಂದು ಅದು ವಿಧಿಸಿತು. ಆ ಹೆಂಗಸಿಗೆ ನ್ಯಾಯವೇನೂ ಸಿಗಲಿಲ್ಲ, ಶಿಕ್ಷೆಯೇ ಸಿಕ್ಕಿತು. ಆದರೂ ಒಡೆಯ ತನ್ನ ಕಾಮದಿಂದ ಲಾಭ ಮಾಡಿಕೊಳ್ಳಬಹುದು ಎಂಬ ಅಪಾಯ ಶಾಸಕರ ಕಣ್ಣಿಗೆ ಬಿದ್ದಿತ್ತು. ಆಫ್ರಿಕನ್ ಹೆಂಗಸಿನ ವಿಷಯದಲ್ಲಿ ಅದೇ ಶಾಸಕರು ಆ ಲಾಭವನ್ನೇ ನಿಯಮವನ್ನಾಗಿ ಮಾಡಿದರು: ಒಡೆಯ ಅವಳಿಗೆ ಹುಟ್ಟಿಸಿದ ಮಗು ಅವನ ವಾರಸುದಾರನಲ್ಲ, ಅವನ ಸ್ವತ್ತು. ತಿಳಿಯದೆ ಆದ ಪ್ರಮಾದ ಇದೆಂದು ಹೇಳಲು ನನಗೆ ಯಾವ ದಾರಿಯೂ ಕಾಣುವುದಿಲ್ಲ.

ಉತ್ತರ 3

ಶಾಸನಗಳ ಬಗ್ಗೆ ತಕರಾರಿಲ್ಲ. ಆದರೆ ಆರ್ಥಿಕ ಕಾರಣವನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸಬಹುದೇ? ತೆರಿಗೆಯೂ ದುಡಿಮೆಯ ಲೆಕ್ಕವೇ, ಮಗು ಯಾರದೆಂಬುದೂ ಆಸ್ತಿಯ ಲೆಕ್ಕವೇ. ಲಾಭದ ಆಸೆ ಇಲ್ಲದಿದ್ದರೆ ಈ ಕಾನೂನುಗಳು ಹುಟ್ಟುತ್ತಲೇ ಇರಲಿಲ್ಲ.

ಉತ್ತರ 4

ಲಾಭದ ಆಸೆ ಇತ್ತು ಎಂಬುದನ್ನು ಒಪ್ಪುತ್ತೇನೆ, ಆದರೆ ಕಾಲಕ್ರಮವನ್ನು ಗಮನಿಸಬೇಕು. 1660ರ ದಶಕದಲ್ಲಿ ವರ್ಜೀನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಇಂಗ್ಲೆಂಡಿನ ಕರಾರು ಆಳುಗಳೇ. ಆಫ್ರಿಕನ್ನರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ. ತಾಯಿಯಿಂದ ಮಗುವಿಗೆ ಗುಲಾಮಗಿರಿ ದಾಟಿಸುವ ಶಾಸನ ಅದಕ್ಕೆ ಎಷ್ಟೋ ಮೊದಲೇ ಸಿದ್ಧವಾಗಿತ್ತು. ಯಾರ ದುಡಿಮೆಯನ್ನು, ಯಾರ ಬಸಿರನ್ನು ಲಾಭವೆಂದು ಎಣಿಸಬಹುದು ಎಂಬುದು ತೀರ್ಮಾನವಾಗದೆ ಲಾಭದ ಲೆಕ್ಕ ಹಾಕುವುದಾದರೂ ಹೇಗೆ?

ಬಿಳಿಯ ಹೆಂಗಸರ ಮೇಲೆ ಬಿದ್ದ ಕಟ್ಟುಪಾಡು ಲಾಭದಿಂದ ಮಾತ್ರ ವಿವರಿಸಲು ಆಗದ ಸಂಗತಿ. ಬಿಳಿಯರು ಕಪ್ಪು ಜನರನ್ನೋ ಮೂಲನಿವಾಸಿಗಳನ್ನೋ ಮದುವೆಯಾದರೆ 1691ರ ಶಾಸನದಂತೆ ಗಡೀಪಾರು. ಮದುವೆಯಿಲ್ಲದೆ ಕಪ್ಪು ಗಂಡಸಿನಿಂದ ಮಗು ಪಡೆದ ಇಂಗ್ಲಿಷ್ ಹೆಂಗಸು ಒಂದು ತಿಂಗಳೊಳಗೆ 15 ಪೌಂಡ್ ದಂಡ ಕೊಡಬೇಕು, ಇಲ್ಲವೇ ಐದು ವರ್ಷ ಜೀತ ಮಾಡಬೇಕು. ತಾಯಿ ಸ್ವತಂತ್ರಳಾದ್ದರಿಂದ, 1662ರ ತರ್ಕದಂತೆ ಆ ಮಗು ಸ್ವತಂತ್ರವಾಗಿರಬೇಕಿತ್ತು. ಅದನ್ನು ತಪ್ಪಿಸಲು ಮಗುವನ್ನು ಮೂವತ್ತು ವರ್ಷ ತುಂಬುವವರೆಗೆ ಜೀತಕ್ಕೆ ಕಟ್ಟಿದರು, 1705ರಲ್ಲಿ ಅದನ್ನು ಮೂವತ್ತೊಂದಕ್ಕೆ ಏರಿಸಿದರು. ಅದೇ ಕೆಲಸವನ್ನು ಬಿಳಿಯ ಗಂಡಸು ಗುಲಾಮ ಹೆಂಗಸಿನೊಡನೆ ಮಾಡಿದರೆ ಈ ಶಾಸನದಲ್ಲಿ ಅವನಿಗೆ ಇಂಥ ದಂಡವಿರಲಿಲ್ಲ. ಬಿಳಿಯ ಹೆಂಗಸಿನ ಮಕ್ಕಳು ಬಿಳಿಯರಾಗಿಯೇ ಇರಬೇಕು, ಕಪ್ಪು ಹೆಂಗಸಿನ ಮಕ್ಕಳು ಯಾರಿಗೆ ಹುಟ್ಟಿದರೂ ಗುಲಾಮರಾಗಬೇಕು. ಎರಡೂ ಕಡೆ ಬಿಳಿಯ ಗಂಡಸಿನ ಅಧಿಕಾರಕ್ಕೆ ಮಾತ್ರ ಧಕ್ಕೆ ಬರಲಿಲ್ಲ.

ಇಷ್ಟಾದರೂ ಒಂದು ಸಂದಿ ಉಳಿದಿತ್ತು: ಹೀಗೆ ಜೀತಕ್ಕೆ ಬಿದ್ದ ಮಗಳು ಆ ಮೂವತ್ತೊಂದು ವರ್ಷಗಳೊಳಗೆ ತಾನೇ ತಾಯಿಯಾದರೆ ಮಗುವಿನ ಗತಿ ಏನು? ತಾಯಿ ಎಷ್ಟು ವಯಸ್ಸಿನವರೆಗೆ ಜೀತದಲ್ಲಿರಬೇಕೋ ಅಷ್ಟೇ ವಯಸ್ಸಿನವರೆಗೆ ಮಗುವೂ ಅದೇ ಒಡೆಯನಲ್ಲಿ ದುಡಿಯಬೇಕೆಂದು 1723ರ ಶಾಸನ ಅದನ್ನೂ ಮುಚ್ಚಿತು.